ಮುಡಿಪು ಕಟ್ಟಿದ ಮಂಡಿ

ನಾನು ಹುಟ್ಟಾ ಪುಕ್ಕಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದೆಲ್ಲ ಸಲೀಸು. ಎತ್ತು ಕೊಂಬು ಆಡಿಸಿದರೆ ಎರಡು ಮಾರು ಹಿಂದೆ ಸರಿಯುವವನು, ಹಾವು ಕಂಡ ಗದ್ದೆಗೆ ವಾರಗಟ್ಟಲೆ ಹೆಂಡತಿಯನ್ನೇ ಮುಂದೆ ಬಿಟ್ಟುಕೊಂಡು ಹೋಗುವವನು, ಸಿಡಿಲು ಹೊಡೆದರೆ ಕಂಬಳಿಯೊಳಗೆ ಸೇರಿಕೊಳ್ಳುವವನು. ಕಂಪಲಾಪುರದ ಹತ್ತಿರದ ನಮ್ಮೂರಿನಲ್ಲಿ ಇಂಥ ಗಂಡಸೊಬ್ಬ ಇದ್ದರೆ ಜನಕ್ಕೆ ಹೊತ್ತು ಹೋಗುವುದಕ್ಕೆ ಬೇರೆ ಏನೂ ಬೇಕಿರಲಿಲ್ಲ. ಅವರು ಆಡಿಕೊಂಡಾಗ ನಾನೂ ಜೊತೆಗೆ ನಗುತ್ತಿದ್ದೆ. ಅವೆಲ್ಲ ಬಂದು ಹೋಗುವ ಹೆದರಿಕೆಗಳು. ಎದ್ದರೂ ಕೂತರೂ ಹೊಟ್ಟೆಯೊಳಗೇ ಇರುವ ಭಯ ಎಂದರೇನು ಎಂಬುದು ನನಗೆ ಗೊತ್ತಾದದ್ದು ನನ್ನ ಮಗಳ ಮಂಡಿಯಿಂದ.

ಅವಳಿಗೆ ಆಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ನಮಗಿದ್ದವಳು ಅವಳೊಬ್ಬಳೇ. ಆಷಾಢಕ್ಕೆ ಮುಂಚೆ ಒಂದು ಸಂಜೆ ಹೊಲಕ್ಕೆ ಗೊಬ್ಬರ ಹೊಡೆದು ಬರುವಾಗ ಬರಿಗಾಡಿಯಲ್ಲಿ ಅವಳನ್ನು ಕೂರಿಸಿಕೊಂಡು ಬಂದೆ. ಮನೆ ಬಾಗಿಲಲ್ಲಿ ಅಜ್ಜಿ ಕಂಡಳೋ ಇಲ್ಲವೋ, ಗಾಡಿ ನಿಲ್ಲುವುದಕ್ಕೂ ಕಾಯದೆ ಹುಡುಗಿ ಧುಮುಕಿಬಿಟ್ಟಳು. ಚಕ್ರದ ನಡುವಿನ ಗುಂಬಕ್ಕೆ ಮಂಡಿ ಬಡಿಯಿತು. ಮೂಳೆ ಮುರಿಯಲಿಲ್ಲ, ಚರ್ಮ ಕೂಡ ಹೆಚ್ಚು ಕಿತ್ತಿರಲಿಲ್ಲ. ಆದರೆ ದೀಪ ಹಚ್ಚುವ ಹೊತ್ತಿಗೆ ಮಂಡಿ ತೆಂಗಿನ ಚಿಪ್ಪಿನಷ್ಟು ಊದಿಕೊಂಡಿತ್ತು, ಕೈ ಹತ್ತಿರ ತಂದರೆ ಸಾಕು ಕಿರುಚುತ್ತಿದ್ದಳು.

ಮದ್ದೆಲ್ಲ ನಮ್ಮವ್ವನದು. ಹುಣಸೆ ಎಲೆ ಬೇಯಿಸಿ ಶಾಖ ಕೊಟ್ಟಳು, ಅರಿಶಿನ ಮೆತ್ತಿದಳು, ಕಾಲು ಅಲುಗಾಡದಂತೆ ಮಂಡಿಯ ಹಿಂದೆ ಬಿದಿರಿನ ದಬ್ಬೆ ಇಟ್ಟು ಹಳೇ ಸೀರೆಯ ಪಟ್ಟಿ ಸುತ್ತಿದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅರಿಶಿನದ ಬಟ್ಟೆಯಲ್ಲಿ ಒಂದು ಕಾಸು ಗಂಟು ಹಾಕಿ, ಅದನ್ನು ಆ ಪಟ್ಟಿಯ ಮೇಲೆ ಬಿಗಿದು, ಮನೆದೇವರ ಮೂಲೆಗೆ ತಿರುಗಿ ಮುಡಿಪು ಕಟ್ಟಿದಳು.

"ನಮ್ಮಪ್ಪಾ, ಈ ಕಾಲ ನಿಂಗೇ ಒಪ್ಪಿಸಿವ್ನಿ. ಶ್ರಾವಣದ ನಿನ್ ಪೂಜೇಲಿ ನಿನ್ ಮುಂದ್ಗಡೆ ಕೂರ್ಸಿ ಬಿಚ್ತೀನಿ. ಅಲ್ಲೀಗಂಟ ಇದು ನಂದಲ್ಲ, ನಿಂದು. ಯಾರ್ ಕೈಯೂ ತಾಕಾಕಿಲ್ಲ."

ಇದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಶ್ರಾವಣ ಇನ್ನೇನು ದೂರವಿರಲಿಲ್ಲ. ಬಾವು ಇಳಿಯಲು ಕಾಲಿಗೆ ವಿಶ್ರಾಂತಿ ಬೇಕು ಎಂಬುದು ಎತ್ತಿನ ಕಾಲು ನೋಡಿದ ಯಾರಿಗಾದರೂ ಗೊತ್ತಿರುವ ವಿಷಯ. ಇನ್ನೊಂದು ಮಾತೂ ಇತ್ತು. ನನಗಿಂತ ಮುಂಚೆ ನಮ್ಮವ್ವನಿಗೆ ಒಂದು ಗಂಡು ಮಗು ಇತ್ತು. ಅದಕ್ಕೆ ಜ್ವರ ಬಂದಾಗಲೂ ಹೀಗೇ ಮುಡಿಪು ಕಟ್ಟಿದ್ದಳಂತೆ. ಪ್ಲೇಗು ಬಂದು ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ, ಹಿಟ್ಟಿಗೆ ಗತಿಯಿಲ್ಲದೆ ಆ ಮುಡಿಪಿನ ಕಾಸು ಬಿಚ್ಚಿ ರಾಗಿ ತಂದಳು. ಮಗು ಉಳಿಯಲಿಲ್ಲ. ಪ್ಲೇಗಿನಲ್ಲಿ ಎಷ್ಟೋ ಮನೆಯ ಮಕ್ಕಳು ಹೋದವು, ಆದರೆ ತನ್ನ ಮಗ ಹೋದದ್ದು ಆ ಗಂಟು ಬಿಚ್ಚಿದ್ದರಿಂದ ಎಂದೇ ಅವಳು ನಂಬಿದ್ದಳು. ನಾನೂ ಆ ಕಥೆ ಕೇಳುತ್ತಲೇ ಬೆಳೆದವನು. ಮುಡಿಪಿನ ಗಂಟು ಕಂಡರೆ ನನ್ನ ಕೈ ತಾನಾಗಿ ಹಿಂದಕ್ಕೆ ಹೋಗುತ್ತಿತ್ತು.

ಆಷಾಢದಲ್ಲಿ ಬಾವು ಇಳಿಯಿತು. ಶ್ರಾವಣ ಬಂತು, ಪೂಜೆಯ ದಿನ ಗೊತ್ತಾಯಿತು, ಅಷ್ಟರಲ್ಲಿ ನಮ್ಮ ದಾಯಾದಿಗಳ ಮನೆಯ ಹಿರಿಯರೊಬ್ಬರು ತೀರಿಕೊಂಡರು. ಸೂತಕದಲ್ಲಿ ಮನೆದೇವರ ಪೂಜೆ ಮಾಡುವಂತಿಲ್ಲ. ಸೂತಕ ಕಳೆಯಿತು ಎನ್ನುವಾಗ ಇನ್ನೊಬ್ಬ ದಾಯಾದಿಯ ಸೊಸೆ ಹೆತ್ತಳು, ಅದರ ಪುರುಡು. ಅದೂ ಮುಗಿಯಿತೆಂದರೆ ಪಿತೃಪಕ್ಷ. ನಮ್ಮ ಜನಕ್ಕೆ ಸಾಯುವುದಕ್ಕೂ ಹುಟ್ಟುವುದಕ್ಕೂ ಆ ಎರಡು ತಿಂಗಳೇ ಬೇಕಾಗಿತ್ತು ನೋಡಿ. ಪೂಜೆ ಮುಂದಕ್ಕೆ ಹೋದಂತೆಲ್ಲ ಗಂಟೂ ಅಲ್ಲೇ ಉಳಿಯಿತು. ಕೊನೆಗೆ ರಾಗಿ ಕುಯಿಲು ಮುಗಿಸಿಯೇ ಪೂಜೆ ಎಂದು ಹಿರಿಯರು ಹೇಳಿಬಿಟ್ಟರು.

ಮಗಳನ್ನು ನಾವು ಅಂಗೈಯಲ್ಲಿ ಇಟ್ಟುಕೊಂಡು ಸಾಕಿದೆವು. ಜಗಲಿಗೆ ಎತ್ತಿಕೊಂಡು ಹೋಗುವುದು, ಒಳಕ್ಕೆ ಎತ್ತಿಕೊಂಡು ಬರುವುದು. ನೆಲಕ್ಕೆ ಕಾಲು ತಾಕದಂತೆ ನಮ್ಮವ್ವ ಕಾವಲು ಕೂತಿರುತ್ತಿದ್ದಳು. ಹುಡುಗಿಯೂ ನೋವಿಲ್ಲದ್ದರಿಂದ ಖುಷಿಯಾಗಿ, ಒಂದು ಕಾಲು ಚಾಚಿಕೊಂಡು ಕೂತು ಹುಣಸೆಬೀಜ ಆಡುತ್ತಿದ್ದಳು. ಆ ಚಾಚಿದ ಕಾಲಿನ ತೊಡೆ ಇನ್ನೊಂದರ ಅರ್ಧದಷ್ಟಾಗಿದೆ ಎಂದು ಮೊದಲು ಕಂಡದ್ದು ನನ್ನ ಹೆಂಡತಿಗೆ. ಆಮೇಲೆ ಪಟ್ಟಿಯ ಕೆಳಗಿನಿಂದ ಒಂಥರಾ ವಾಸನೆ ಬರತೊಡಗಿತು. ದಬ್ಬೆ ಒತ್ತಿ ಹುಣ್ಣಾಗಿತ್ತು.

"ಉಣ್ಣಿಗೆ ಔಸ್ದಿ ಆಕ್ಸ್ಕೊ ಬತ್ತೀವಿ ಕಣವ್ವ. ಗಂಟು ಯಾರೂ ಮುಟ್ಟಾಕಿಲ್ಲ," ಎಂದು ನಮ್ಮವ್ವನಿಗೆ ಮಾತು ಕೊಟ್ಟು ಗಾಡಿ ಕಟ್ಟಿದೆ. ಪಿರಿಯಾಪಟ್ಟಣದ ಸರ್ಕಾರಿ ಆಸ್ಪತ್ರೆಗೆ ನಾವು ಮೂವರೂ ಹೋದೆವು. ಆ ಬೆಳಿಗ್ಗೆ ಮಳೆ ಬಂದು ನಿಂತಿತ್ತು.

ಡಾಕ್ಟರು ಹೊಸಬರು, ಚಿಕ್ಕ ವಯಸ್ಸು, ಮೈಸೂರಿನ ಕಡೆಯ ಮಾತು. ಕಾಲನ್ನು ನೋಡಿದವರೇ ಹುಬ್ಬು ಗಂಟಿಕ್ಕಿದರು.

"ಯಾವಾಗಿನಿಂದ ಕಟ್ಟಿದ್ದೀರಯ್ಯಾ ಇದನ್ನ?"

"ಆಸಾಡಕ್ ಮುಂಚಿಂದ ಸ್ವಾಮಿ."

"ಬಾವು ಇಳಿದದ್ದು ಯಾವಾಗ?"

"ಆಸಾಡದಲ್ಲೇ ಇಳ್ಕತು."

"ಮತ್ತೆ ಇನ್ನೂ ಯಾಕೆ ಕಟ್ಟಿಟ್ಟಿದ್ದೀರಿ?"

ನಾನು ಮುಡಿಪಿನ ವಿಷಯ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಕತ್ತರಿ ತೆಗೆದುಕೊಂಡು ಪಟ್ಟಿ, ದಾರ, ಅರಿಶಿನದ ಗಂಟು ಎಲ್ಲವನ್ನೂ ಸೇರಿಸಿ ಕಚಕ್ಕನೆ ಕತ್ತರಿಸಿಬಿಟ್ಟರು. ಕಾಸು ನೆಲಕ್ಕೆ ಬಿದ್ದು ಉರುಳಿ ಮಂಚದ ಕೆಳಗೆ ಹೋಯಿತು. ನಾನು ಮಗಳ ಮುಖ ನೋಡಿದೆ, ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು. ನಗಬೇಡಿ, ನಿಜವಾಗಿಯೂ ಅದನ್ನೇ ನೋಡಿದೆ. ಹೆಂಡತಿ ಮಂಚದ ಕೆಳಗೆ ತೂರಿ ಕಾಸನ್ನು ಹುಡುಕಿ ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿಕೊಂಡಳು, ಕತ್ತರಿಸಿದ ಪಟ್ಟಿ ದಬ್ಬೆಗಳನ್ನೂ ಎತ್ತಿಟ್ಟುಕೊಂಡಳು.

ಹುಣ್ಣನ್ನು ತೊಳೆದು ಮುಲಾಮು ಹಚ್ಚುವುದು ಬೇಗ ಮುಗಿಯಿತು. ಆಮೇಲೆ ಡಾಕ್ಟರು ಒಂದು ಕೈ ತೊಡೆಗೆ, ಒಂದು ಕೈ ಹಿಮ್ಮಡಿಗೆ ಕೊಟ್ಟು ಕಾಲನ್ನು ಮಡಚಲು ನೋಡಿದರು. ಅದು ಮಡಚಲಿಲ್ಲ. ಒನಕೆಯನ್ನು ಮಡಚಲು ಹೋದ ಹಾಗಿತ್ತು. ಮಗಳ ಕಿರುಚಾಟಕ್ಕೆ ಹೊರಗೆ ಕೂತಿದ್ದವರೆಲ್ಲ ಎದ್ದು ನಿಂತರು. ಡಾಕ್ಟರ ಮುಖ ಸಪ್ಪಗಾದದ್ದನ್ನು ನಾನು ಕಂಡೆ. ಕಲಿತವರ ಮುಖ ಸಪ್ಪಗಾದರೆ ನನ್ನಂಥವನ ಗತಿ ಏನು ಹೇಳಿ.

"ನೀನು ಕಾಲು ಸಾರು ಉಂಡಿದ್ದೀಯೇನಯ್ಯಾ?" ಎಂದು ಕೇಳಿದರು.

ಇವರಿಗೆ ತಲೆ ಕೆಟ್ಟಿತೇ ಎನ್ನಿಸಿತು. "ಉಂಡಿವ್ನಿ ಸ್ವಾಮಿ," ಎಂದೆ.

"ಕೀಲಿನ ಹತ್ತಿರ ಮೂಳೆಯ ತುದಿಗೆ ಬಿಳಿಯ ನುಣ್ಣನೆಯ ಪದರ ಇರುತ್ತಲ್ಲ, ಅದು ಮೆದುಮೂಳೆ. ಮೂಳೆಗೆ ಮೂಳೆ ಉಜ್ಜದೆ ಜಾರಲಿ ಅಂತ ಇರೋದು. ಮೈಯಲ್ಲಿ ಎಲ್ಲ ಕಡೆಗೂ ರಕ್ತ ಊಟ ಹೊತ್ತುಕೊಂಡು ಹೋಗುತ್ತೆ. ಈ ಮೆದುಮೂಳೆಯ ಒಳಕ್ಕೆ ಮಾತ್ರ ರಕ್ತ ಹೋಗೋದಿಲ್ಲ. ಕೂದಲೆಳೆಯಷ್ಟು ನಾಳವೂ ಅದರೊಳಗಿಲ್ಲ."

"ಅಂಗಾರೆ ಅದು ಬದುಕಿರೋದು ಎಂಗೆ ಸ್ವಾಮಿ?" ಇದನ್ನು ಕೇಳಿದವಳು ನನ್ನ ಹೆಂಡತಿ.

ಕೀಲನ್ನು ಸುತ್ತಿಕೊಂಡು ಒಂದು ಪೊರೆಯ ಚೀಲ ಇದೆಯಂತೆ. ರಕ್ತ ಅಲ್ಲೀತನಕ ಬರುತ್ತದೆ. ಪೊರೆ ಆ ರಕ್ತದಿಂದ ಬೇಕಾದ್ದನ್ನು ಸೋಸಿಕೊಂಡು, ಮೊಟ್ಟೆಯ ಲೋಳೆಯಂಥ ಒಂದು ನೀರು ಮಾಡಿ ಕೀಲಿನೊಳಗೆ ಬಿಡುತ್ತದೆ. ಮೆದುಮೂಳೆಗೆ ಅನ್ನ, ಉಸಿರು ಎರಡೂ ಆ ನೀರೇ. ಇಷ್ಟು ಹೇಳಿ ಡಾಕ್ಟರು ನಮ್ಮನ್ನು ಬಾಗಿಲ ಹತ್ತಿರ ಕರೆದರು. ಕಾಲೊರೆಸಲು ಹಾಕಿದ್ದ ಗೋಣಿತಾಟು ಮಳೆಗೆ ನೆನೆದು ತೊಪ್ಪೆಯಾಗಿತ್ತು. ಅದರ ಮೇಲೆ ಬೂಟುಗಾಲಿಟ್ಟು ಒತ್ತಿದರು. ಸುತ್ತ ನೀರು ಒಸರಿತು. ಕಾಲು ಎತ್ತಿದರು. ಒಸರಿದ ನೀರು ಮೆಲ್ಲಗೆ ಗೋಣಿಯೊಳಕ್ಕೆ ಹಿಂತಿರುಗಿತು.

"ನಡೆದಾಗ, ಕೂತೆದ್ದಾಗ, ಮೂಳೆ ಮೇಲೆ ಮೂಳೆ ಹೀಗೇ ಒತ್ತುತ್ತೆ. ಮೆದುಮೂಳೆ ಒಳಗಿನ ಹಳೇ ನೀರು ಕೊಳೆ ಸಮೇತ ಈಚೆಗೆ ಬರುತ್ತೆ. ಭಾರ ಬಿಟ್ಟಾಗ ಹೊಸ ನೀರು ಒಳಕ್ಕೆ ಹೋಗುತ್ತೆ. ಸಣ್ಣ ಪದಾರ್ಥಗಳು ಒತ್ತದೆ ಇದ್ದರೂ ಅಷ್ಟಿಷ್ಟು ಇಳಿಯುತ್ತವೆ, ಉಪ್ಪಿನಕಾಯಿ ಹೋಳಿಗೆ ಉಪ್ಪು ಹಿಡಿಯೋ ಹಾಗೆ. ಆದರೆ ಕೀಲು ಆಡದೆ ಹೋದರೆ ಆ ನೀರು ಕದಡೋದಿಲ್ಲ, ಹೊಸದೂ ಸರಿಯಾಗಿ ಬರೋದಿಲ್ಲ. ಮಗೂಗೆ ನೀವು ಮೂರು ಹೊತ್ತೂ ಉಣ್ಣಿಸಿದ್ದೀರಿ. ಈ ಮಂಡಿ ಮಾತ್ರ ಇಷ್ಟು ದಿನ ಅರೆಹೊಟ್ಟೆಯಲ್ಲಿ ಇದೆ."

ನಾವು ಇಷ್ಟು ದಿನ ಪ್ರೀತಿ ಎಂದು ಮಾಡಿದ್ದು ಉಪವಾಸ ಕೆಡವಿದ್ದೇ?

"ಈಗ ಅದು ಸತ್ತೋಗಿದ್ರೆ ಸ್ವಾಮಿ?"

"ತೆರೆದು ನೋಡೋಕಾಗೋದಿಲ್ಲವಲ್ಲಪ್ಪ. ಮಕ್ಕಳ ಕೀಲು ಬೇಗ ಚೇತರಿಸಿಕೊಳ್ಳುತ್ತೆ. ಬರೀ ಸುತ್ತಲಿನ ಪೊರೆ, ನರ ಬಿಗಿದುಕೊಂಡಿದ್ದರೆ ನಿಧಾನಕ್ಕೆ ಬಿಟ್ಟುಕೊಳ್ಳುತ್ತೆ. ಮೆದುಮೂಳೆ ಸವೆದುಹೋಗಿ ಮೂಳೆಗೆ ಮೂಳೆ ಬೆಸೆದುಕೊಂಡಿದ್ದರೆ, ಈ ಕಾಲು ಜೀವಮಾನದಲ್ಲಿ ಮಡಚೋದಿಲ್ಲ."

ಯಾವುದು ಎಂದು ತಿಳಿಯುವುದಕ್ಕೆ ಒಂದೇ ದಾರಿ. ದಿನಾ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು, ಮಂಡಿಯನ್ನು ಇಷ್ಟಿಷ್ಟೇ ಮಡಚಬೇಕು, ಬಿಡಬೇಕು. ನೋವು ಬರುತ್ತದೆ, ಅದಕ್ಕೆ ನಿಲ್ಲಿಸಬಾರದು. ಜೋರು ಮಾಡಿದರೆ ಎಳೆ ಮೂಳೆ ಮುರಿಯುತ್ತದೆ, ಜೋರು ಮಾಡಬಾರದು. ಕೆಂಪಾಗಿ ಬಿಸಿಯಾದರೆ ಬಿಡಬೇಕು. ದಿನಾ ಒಬ್ಬರ ಕೈಯೇ ಮಾಡಬೇಕು, ನಿನ್ನೆ ಎಲ್ಲೀತನಕ ಬಂದಿತ್ತು ಎಂದು ಆ ಕೈಗೆ ನೆನಪಿರಬೇಕು.

"ನಾನು ಮಾಡ್ತೀನಿ ಸ್ವಾಮಿ. ಇವ್ರು ಎದ್ರುಕೊಳ್ತಾರೆ," ಎಂದಳು ಹೆಂಡತಿ.

ಡಾಕ್ಟರು ನನ್ನ ಕಡೆ ತಿರುಗಿದರು. "ಬೇಡಮ್ಮ, ಇವನೇ ಮಾಡಲಿ. ಈ ಕೆಲಸಕ್ಕೆ ಹೆದರೋ ಕೈಯೇ ಬೇಕು. ಧೈರ್ಯದ ಕೈ ಮುರಿದುಹಾಕಿಬಿಡುತ್ತೆ," ಎಂದರು. ನನ್ನ ಪುಕ್ಕಲುತನಕ್ಕೆ ಆವತ್ತೇ ಮೊದಲು ಮರ್ಯಾದೆ ಸಿಕ್ಕಿದ್ದು, ಅದು ನನಗೆ ಬೇಕಿರಲಿಲ್ಲ.

ಹಿಂತಿರುಗುವಾಗ ಮಾಂಸದಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ. ಡಾಕ್ಟರು ಹೇಳಿದ್ದನ್ನು ಕಣ್ಣಾರೆ ನೋಡದೆ ನನಗೆ ಸಮಾಧಾನವಿರಲಿಲ್ಲ. ಅಂಗಡಿಯ ಸಾಬರು ಪರಿಚಯದವರೇ. ಕುರಿಯ ಮಂಡಿಯೊಂದನ್ನು ಇಡಿಯಾಗಿ ತೆಗೆದು, ಕೀಲು ಬಿಚ್ಚಿ ತೋರಿಸಿ ಎಂದೆ.

"ಬಿಚ್ಚಿ ತೋರ್ಸೋದಾ? ಗೌಡ್ರೆ, ಜನ ಮಾಂಸ ಎಳೇದಾ ಬಲಿತದ್ದಾ ಅಂತ ನೋಡ್ತಾರೆ. ನೀವೇನು ಕೀಲು ನೋಡ್ತೀರಿ?" ಎಂದು ನಗುತ್ತಲೇ ಚೂರಿ ಆಡಿಸಿದರು.

ಕೀಲು ಬಾಯಿ ಬಿಟ್ಟಿತು. ಸುತ್ತಲೂ ಮಾಂಸ, ರಕ್ತ. ನಡುವೆ ಆ ಎರಡು ತುದಿಗಳು ಮಾತ್ರ ಬೆಳ್ಳಗೆ, ಸ್ವಲ್ಪ ನೀಲಿ ಬೆರೆತ ಬಿಳುಪು, ಈಗ ತಾನೆ ತೊಳೆದಿಟ್ಟ ಹಾಗೆ. ಒಂದು ಹನಿ ಕೆಂಪು ಅದರ ಮೇಲಿರಲಿಲ್ಲ. ಬೆರಳಿಟ್ಟರೆ ಜಾರಿತು, ಬೆರಳೆತ್ತಿದರೆ ಲೋಳೆ ಎಳೆಯಾಗಿ ಅಂಟಿಕೊಂಡು ಬಂತು. ಇಷ್ಟು ವರ್ಷ ಇದನ್ನೇ ಕಚ್ಚಿ ಚೀಪಿ ಎಸೆದಿದ್ದೇನೆ, ಒಂದು ದಿನವೂ ನೋಡಿರಲಿಲ್ಲ. ಅದನ್ನು ಮುತ್ತುಗದ ಎಲೆಯಲ್ಲಿ ಇಟ್ಟುಕೊಂಡು ಗಾಡಿ ಹತ್ತಿದೆ. ದಾರಿಯುದ್ದಕ್ಕೂ ಎಲೆ ಬಿಚ್ಚಿ ಬಿಚ್ಚಿ ನೋಡಿದೆ. ಬಿಸಿಲು ಬಂದಿತ್ತು. ನಮ್ಮೂರ ಕೆರೆ ಏರಿ ಹತ್ತುವ ಹೊತ್ತಿಗೆ ಆ ಹೊಳಪು ಹೋಗಿ, ಬಿಳುಪು ಮಾಸಿ ಹಳದಿಗೆ ತಿರುಗಿ, ಮುಟ್ಟಿದರೆ ಬೆರಳಿಗೆ ತಡೆಯುತ್ತಿತ್ತು. ಗಾಳಿಗೆ ಒಣಗುವುದೇ ಬೇರೆ, ಮೈಯೊಳಗೆ ಆಗುವುದೇ ಬೇರೆ ಎಂದು ಡಾಕ್ಟರು ಆಮೇಲೆ ಹೇಳಿದರು. ಆದರೆ ಆವತ್ತು ಪಕ್ಕದಲ್ಲಿ ನಿದ್ದೆ ಹೋಗಿದ್ದ ಮಗಳ ಮಂಡಿಯೊಳಗೂ ಇದೇ ಆಗಿದೆ ಎಂದು ನನಗೆ ಖಚಿತವಾಗಿಬಿಟ್ಟಿತು. ಎಲೆ ಸಮೇತ ಅದನ್ನು ಕೆರೆಗೆ ಎಸೆದೆ.

ನಮ್ಮವ್ವ ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಬರಿಗಾಲನ್ನು ನೋಡಿದಳು, ನನ್ನ ಮುಖ ನೋಡಿದಳು, ಒಳಕ್ಕೆ ಹೋದಳು. ಹೆಂಡತಿಯ ಸೆರಗಿನಿಂದ ಕಾಸನ್ನೂ ಕತ್ತರಿಸಿದ ಪಟ್ಟಿಯನ್ನೂ ಕೇಳಿ ಇಸಿದುಕೊಂಡಳು. ಮಾರನೆಯ ಬೆಳಿಗ್ಗೆ ನೋಡಿದರೆ ಅವಳು ಒಂದು ಕಾಲು ಎಳೆದುಕೊಂಡು ನಡೆಯುತ್ತಿದ್ದಾಳೆ. ಸೀರೆಯ ಕೆಳಗೆ ದಬ್ಬೆಯ ತುದಿ ಕಾಣುತ್ತಿತ್ತು. ಮಗುವಿನ ಕಾಲಿನ ಬದಲಿಗೆ ತನ್ನ ಕಾಲನ್ನು ದೇವರಿಗೆ ಒಪ್ಪಿಸಿ, ಅದೇ ಗಂಟನ್ನು ತನ್ನ ಮಂಡಿಗೆ ಕಟ್ಟಿಕೊಂಡಿದ್ದಳು.

"ಬಿಚ್ಚವ್ವ ಅದ. ನಿನ್ ಕಾಲೂ ಇಡ್ಕೊತದೆ," ಎಂದು ಅಂಗಲಾಚಿದೆ.

"ಇಡ್ಕೊಳ್ಳಲಿ ಬುಡು. ನಂದು ಉಪ್ಪು ಖಾರ ಕಂಡ ಕಾಲು. ಅವನ್ಗೆ ಒಂದ್ ಕಾಲು ಲೆಕ್ಕ ಕೊಡ್ಬೇಕಲ್ಲ, ಇದ ತಕ್ಕೊಳ್ಲಿ. ನೀನು ನಿನ್ ಕೆಲ್ಸ ನೋಡು ಓಗ್ಲಾ."

ವಯಸ್ಸಾದವರ ಕೀಲು ಬೇಗ ಹಿಡಿದುಕೊಳ್ಳುತ್ತದೆ ಎಂದು ಡಾಕ್ಟರು ಮುಂದೆ ಹೇಳಿದ್ದು ಸುಳ್ಳಾಗಲಿಲ್ಲ. ಪೂಜೆಯಾಗಿ ಗಂಟು ಬಿಚ್ಚಿದ ಮೇಲೂ ನಮ್ಮವ್ವನ ಆ ಮಂಡಿ ಪೂರ್ತಿ ಮಡಚಲೇ ಇಲ್ಲ. ಇರುವ ತನಕ ಒಂದು ಕಾಲು ಚಾಚಿಯೇ ಉಂಡಳು.

ಇನ್ನು ನನ್ನ ಕೆಲಸ. ಹಿತ್ತಿಲಿನ ಕಲ್ಲಿನ ಮೇಲೆ ಹೆಂಡತಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವಳು. ನಾನು ಬಿಸಿನೀರಿನ ಕೊಪ್ಪರಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಆ ಕಾಲನ್ನು ನೀರಿಗೆ ಇಳಿಬಿಡುವೆನು. ಒಂದು ಕೈ ಮಂಡಿಯ ಮೇಲೆ, ಒಂದು ಕೈ ಹಿಮ್ಮಡಿಯ ಹಿಂದೆ. ಒತ್ತಿದರೆ ಒಂದು ಕಡೆ ಬಂದು ಕಾಲು ನಿಲ್ಲುವುದು. ನಿಂತಲ್ಲಿಂದ ಮುಂದೆ ಒಂದಿಷ್ಟು ಒತ್ತಬೇಕು. ಆ ಒಂದಿಷ್ಟು ಎಂದರೆ ಎಷ್ಟು? ಕಡಿಮೆ ಒತ್ತಿದರೆ ಒಳಗಿನದು ಹಸಿದು ಸಾಯುತ್ತದೆ, ಹೆಚ್ಚು ಒತ್ತಿದರೆ ಮೂಳೆ ಮುರಿಯುತ್ತದೆ. ನನ್ನ ಅಂಗೈ ಕೆಳಗೆ ಏನಿದೆ ಎಂದು ನನಗೆ ಕಾಣುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಎಲೆಯ ಮೇಲಿನ ಆ ಹಳದಿ ಮೂಳೆ ಬರುತ್ತಿತ್ತು.

"ಅಪ್ಪಾ, ಇವತ್ತು ಬ್ಯಾಡ ಕಣಪ್ಪಾ. ನಾಳೆ ಮಾಡು ಕಣಪ್ಪಾ," ಎನ್ನುವಳು. ಆಮೇಲೆ ಮಾತು ಹೋಗಿ ಬರೀ ಕೂಗು. ನಾನು ಕೈ ಬಿಡುತ್ತಿರಲಿಲ್ಲ. ಮುಗಿದ ಮೇಲೆ ಕೊಟ್ಟಿಗೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡ ದಿನಗಳೂ ಇವೆ. ಅಕ್ಕಪಕ್ಕದವರು ಬೇಲಿಯ ಮೇಲೆ ಇಣುಕಿ, ಹೆತ್ತ ಮಗಳನ್ನು ಹೀಗೂ ಗೋಳು ಹೊಯ್ದುಕೊಳ್ಳುವ ಅಪ್ಪನಿದ್ದಾನೆಯೇ ಎಂದು ಕೇಳಿಸುವಂತೆಯೇ ಆಡಿಕೊಂಡರು. ಅಷ್ಟರಲ್ಲಿ ನಮ್ಮ ಎಡದ ಎತ್ತು ಮೇವು ಬಿಟ್ಟಿತು. ಮುಡಿಪು ಕತ್ತರಿಸಿದ್ದರ ಫಲ ಎಂದು ಊರಲ್ಲಿ ಮಾತಾಯಿತು. ನಮ್ಮವ್ವ ಆ ಮಾತನ್ನು ಆಡಲಿಲ್ಲ, ಆದರೆ ನನ್ನ ಒಳಗೆ ಅದು ಬೇರು ಬಿಟ್ಟಿತು. ಎತ್ತಿನ ಮುಂದೆ ನಿಂತು, ನೀನಾದರೂ ಎದ್ದು ನಿಲ್ಲಪ್ಪಾ ಎಂದು ಬೇಡಿಕೊಂಡೆ. ಅದು ಸುಧಾರಿಸಿಕೊಂಡಿತು. ನಾನು ಸುಧಾರಿಸಲಿಲ್ಲ.

ಒಂದು ದಿನ ಬೆಳಿಗ್ಗೆ, ಕಾಲು ನಿಲ್ಲುವ ಜಾಗಕ್ಕೆ ಬಂದು ನಿಂತಿತ್ತು. ನಾನು ಮುಂದಕ್ಕೆ ಒತ್ತಿದೆ. ಅಂಗೈ ಕೆಳಗೆ 'ಕಟ್' ಎಂದಿತು. ಒಣಕಡ್ಡಿ ಮುರಿದ ಹಾಗೆ, ಹೆಂಡತಿಗೂ ಕೇಳಿಸುವಷ್ಟು. ಮಗಳು ಒಮ್ಮೆಗೇ ಸುಮ್ಮನಾಗಿ ಬಾಯಿ ತೆರೆದುಕೊಂಡೇ ಇದ್ದುಬಿಟ್ಟಳು, ಆಮೇಲೆ ಉಸಿರು ಬಂದು ಕೂಗಿದಳು.

"ಮುರ್ದಾಕ್ಬುಟ್ರಲ್ಲ," ಎಂದಳು ಹೆಂಡತಿ. ಅವಳು ನನಗೆ ಅಂಥ ಮಾತು ಹಿಂದೆ ಎಂದೂ ಆಡಿರಲಿಲ್ಲ, ಮುಂದೆಯೂ ಆಡಲಿಲ್ಲ.

ಗಾಡಿಯನ್ನು ಹೇಗೆ ಕಟ್ಟಿದೆನೋ ನೆನಪಿಲ್ಲ. ಪಿರಿಯಾಪಟ್ಟಣ ಅಷ್ಟು ದೂರ ಎಂದು ಆವತ್ತೇ ಗೊತ್ತಾದದ್ದು. ದಾರಿಯಲ್ಲೇ ಮಂಡಿ ಊದತೊಡಗಿತು. ಡಾಕ್ಟರು ಕೈಯಾಡಿಸಿ, ಮೂಳೆಗುಂಟ ಒತ್ತಿ, ಹಿಮ್ಮಡಿ ಹಿಡಿದು ಮೆಲ್ಲಗೆ ಆಡಿಸಿ ನೋಡುವಷ್ಟು ಹೊತ್ತೂ ನಾನು ಗೋಡೆಯಲ್ಲಿ ತೂಗುಹಾಕಿದ್ದ ಮಹಾರಾಜರ ಪಟಕ್ಕೆ ಕೈಮುಗಿದುಕೊಂಡು ನಿಂತಿದ್ದೆ. ದೇವರ ಹತ್ತಿರ ಮುಖ ತೋರಿಸುವ ಹಾಗಿರಲಿಲ್ಲವಲ್ಲ.

"ಮೂಳೆ ಮುರಿದಿಲ್ಲ. ಒಳಗೆ ಅಂಟಿಕೊಂಡಿದ್ದ ಪೊರೆ ಬಿಟ್ಟುಕೊಂಡಿದೆ," ಎಂದರು. "ಎರಡು ದಿನ ಸುಮ್ಮನಿರಲಿ. ಬಾವು ಇಳಿದ ಕೂಡಲೇ ಮತ್ತೆ ಶುರು ಮಾಡು. ಮಗೂನ ಕಾಲ ಮೇಲೆ ಸ್ವಲ್ಪ ಸ್ವಲ್ಪ ಹೊತ್ತು ನಿಲ್ಲಿಸು. ಮೈಯ ಭಾರ ಬಿದ್ದು ಬಿಟ್ಟು ಆಗಬೇಕು, ಆಗಲೇ ನೀರು ಚೆನ್ನಾಗಿ ಒಳಕ್ಕೆ ಹೊರಕ್ಕೆ ಆಡೋದು."

"ಅಂಗಾರೆ ಒಳಗಡೇದು ಬದುಕಿದ್ದದಾ ಸ್ವಾಮಿ?"

"ಗೊತ್ತಿಲ್ಲಪ್ಪಾ," ಎಂದರು. ಸುಳ್ಳು ಹೇಳಿ ಕಳಿಸಬಹುದಿತ್ತು, ಹೇಳಲಿಲ್ಲ.

ಮತ್ತೆ ಶುರುವಾಯಿತು. ಈ ಸಲ ನನಗೆ ಹಿಂದಿನದಕ್ಕಿಂತ ಹೆಚ್ಚು ಭಯ, ಮಗಳಿಗೂ ಹೆಚ್ಚು. ಅವಳ ಭಯ ಈಗ ಮಂಡಿಯದ್ದಲ್ಲ, ನನ್ನದು. ನಾನು ಹೊಲದಿಂದ ಬಂದು ಕಾಲು ತೊಳೆಯುವ ಸದ್ದಾದರೆ ಅಜ್ಜಿಯ ಸೀರೆ ಹಿಡಿದುಕೊಳ್ಳುವಳು. ಪೇಟೆಯಿಂದ ಕಡಲೆಪುರಿ ತಂದು ಕೊಟ್ಟರೆ ಕೈ ಚಾಚುತ್ತಿರಲಿಲ್ಲ, ನೆಲದ ಮೇಲೆ ಇಟ್ಟು ದೂರ ಹೋದರೆ ತೆಗೆದುಕೊಳ್ಳುವಳು. ಮುಂಚೆ ನನ್ನ ಕುತ್ತಿಗೆ ಅಪ್ಪಿಕೊಂಡು ಮಲಗುತ್ತಿದ್ದವಳು ಈಗ ಗೋಡೆಯ ಕಡೆಗೆ ಅಜ್ಜಿಯ ಮಗ್ಗುಲಿಗೆ ಹೋದಳು. ಇದು ನನಗೆ ಎಷ್ಟು ಉರಿಯಿತು ಎಂದರೆ, ಒಂದು ದಿನ ಹೆಂಡತಿಯ ಮೇಲೆ ರೇಗಿ, ನಾಳೆಯಿಂದ ನೀನೇ ಮಾಡಿಕೊ, ನನ್ನಿಂದ ಆಗದು ಎಂದುಬಿಟ್ಟೆ. ಅವಳು ಮಾರನೆಯ ದಿನ ಬಿಸಿನೀರು ಕಾಯಿಸಿ ನನ್ನನ್ನೇ ಕರೆದಳು. ನಾನೂ ಹೋದೆ.

ಗೋಡೆ ಹಿಡಿಸಿ ನಿಲ್ಲಿಸಿದೆವು. ಮೊದಮೊದಲು ಆ ಕಾಲನ್ನು ಊರುತ್ತಲೇ ಇರಲಿಲ್ಲ, ಕೊಕ್ಕರೆಯ ಹಾಗೆ ಒಂದೇ ಕಾಲಲ್ಲಿ ನಿಲ್ಲುವಳು. ಆಮೇಲೆ ಊರಿದಳು. ಕುಂಟುತ್ತ ನಡೆದಳು ಕೂಡ, ಆದರೆ ಕಾಲು ನೆಟ್ಟಗೇ ಇಟ್ಟುಕೊಂಡು, ನಮ್ಮವ್ವನ ಹಾಗೆಯೇ. ಅಜ್ಜಿ ಮೊಮ್ಮಗಳು ಇಬ್ಬರೂ ಅಂಗಳದಲ್ಲಿ ಹಾಗೆ ನಡೆಯುವುದನ್ನು ನೋಡಿ ಬಂದವರು ನಕ್ಕುಬಿಡುತ್ತಿದ್ದರು, ನಕ್ಕು ಬಾಯಿ ಮುಚ್ಚಿಕೊಳ್ಳುತ್ತಿದ್ದರು. ನನ್ನ ಕೈಯಲ್ಲಿ ಮಂಡಿ ಮಡಚುವುದು ಎಷ್ಟೆಂದರೆ, ಎತ್ತರದ ಜಗಲಿಯ ಮೇಲೆ ಕೂತು ಕಾಲು ಇಳಿಬಿಡುವಷ್ಟು. ಅದರ ಮುಂದಕ್ಕೆ ಹೋಗಲೊಲ್ಲದು. ಅಲ್ಲಿಗೆ ಬಂದರೆ ಅವಳು ಮೈಯೆಲ್ಲ ಬಿಗಿ ಹಿಡಿದು ಕೂಗುವಳು. ಬಿಗಿದಿರುವುದು ಅವಳೋ ಕೀಲೋ ಎಂದು ನನ್ನ ಕೈಗೆ ತಿಳಿಯುತ್ತಿರಲಿಲ್ಲ. ಇಷ್ಟೇ ಇರಬೇಕು, ಒಳಗೆ ಉಳಿದದ್ದು ಇಷ್ಟೇ, ಇನ್ನು ಇವಳು ನೆಲದ ಮೇಲೆ ಕೂತು ಉಣ್ಣುವವಳಲ್ಲ, ನಾಟಿಗೆ ಬಗ್ಗುವವಳಲ್ಲ, ನಾವು ಹೋದ ಮೇಲೆ ಇವಳನ್ನು ಯಾರು ನೋಡುತ್ತಾರೆ ಎಂದು ಲೆಕ್ಕ ಹಾಕುತ್ತ ನಾನು ರಾಗಿ ಕುಯ್ದೆ.

ಕುಯಿಲಿನ ಮಧ್ಯೆ ಒಂದು ಬೆಳಿಗ್ಗೆ ನೀರು ಕಾದಿತ್ತು, ಕೊಪ್ಪರಿಗೆ ಹಿತ್ತಿಲಲ್ಲಿತ್ತು, ಹುಡುಗಿ ಮಾತ್ರ ಇಲ್ಲ. ಹೆಂಡತಿ ಕುಯಿಲಿನ ಆಳುಗಳಿಗೆ ಹಿಟ್ಟು ಹೊತ್ತುಕೊಂಡು ಹೋಗಿದ್ದಳು, ಅವಳ ಜೊತೆ ಹೋಗಿಲ್ಲ. ಜಗಲಿಯಲ್ಲಿಲ್ಲ, ಕೊಟ್ಟಿಗೆಯಲ್ಲಿಲ್ಲ. ಕೂಗಿದರೆ ಉತ್ತರವಿಲ್ಲ. ಹಿತ್ತಿಲ ಬಾವಿಯ ಕಡೆ ಕಣ್ಣು ಹೋಯಿತು. ಅದಕ್ಕೆ ಕಟ್ಟೆ ಇರಲಿಲ್ಲ. ನಾನು ಬಾವಿಗೆ ಬಗ್ಗಿ ನೋಡಿದೆ, ನನ್ನ ಮುಖ ಬಿಟ್ಟು ಬೇರೇನೂ ಕಾಣಲಿಲ್ಲ. ಆದರೂ ಕುಂಟುಗಾಲಿನ ಮಗು, ಜಾರಿ ಬಿದ್ದರೆ ನೀರು ಇಷ್ಟು ಬೇಗ ತಿಳಿಯಾಗುತ್ತದೆಯೇ ಇಲ್ಲವೇ ಎಂದು ಯೋಚಿಸುತ್ತ ಒಳಕ್ಕೆ ಓಡಿದೆ.

ನಡುಮನೆಯ ಮೂಲೆಯಲ್ಲಿ ರಾಗಿ ತುಂಬಿಡುವ ಎದೆಯೆತ್ತರದ ಮಣ್ಣಿನ ವಾಡೆಗಳಿದ್ದವು. ಅವುಗಳಿಗೂ ಗೋಡೆಗೂ ನಡುವೆ ಬೆಕ್ಕು ಮರಿ ಹಾಕುವಷ್ಟು ಜಾಗ. ಅಲ್ಲಿಂದ ಉಸಿರಾಡುವ ಸದ್ದು ಕೇಳಿತು. ನಾನು ಬಗ್ಗಿ ನೋಡಿದೆ. ಮಗಳು ಅಲ್ಲಿದ್ದಳು. ಗೋಡೆಗೆ ಬೆನ್ನು ಕೊಟ್ಟು, ಎರಡೂ ಮಂಡಿಗಳನ್ನು ಎದೆಗೆ ಅವಚಿಕೊಂಡು, ಗಲ್ಲವನ್ನು ಮಂಡಿಗಳ ಮೇಲಿಟ್ಟು, ಮುದ್ದೆಯಾಗಿ ಕೂತಿದ್ದಳು. ಎರಡೂ ಮಂಡಿಗಳು. ಎರಡೂ ಹಿಮ್ಮಡಿಗಳು ಒಂದೇ ಸಮ ಅವಳ ಅಂಡಿಗೆ ತಾಕಿದ್ದವು.

ನನಗೆ ಕೂಗಿಕೊಳ್ಳಬೇಕೆನ್ನಿಸಿತು, ಗಂಟಲಿಂದ ಏನೋ ಬಂತು. ಆ ಸದ್ದಿಗೆ ಅವಳು ತಲೆಯೆತ್ತಿದಳು. ಎಂಥ ಮುಖ ಅದು. ಬಾವಿಗೆ ಬಗ್ಗಿದಾಗ ನನ್ನದು ಹೇಗಿತ್ತೋ ಹಾಗಿತ್ತು. ನಾನು ಎತ್ತಿಕೊಳ್ಳಲು ಕೈ ಚಾಚಿದೆ. ಅವಳು ಇನ್ನೂ ಮಡಚಿಕೊಂಡು ಇನ್ನೂ ಹಿಂದಕ್ಕೆ ಸರಿದಳು, ಇಲ್ಲದ ಜಾಗಕ್ಕೆ.

"ಮುಟ್ಬ್ಯಾಡ ಕಣ್ಲಾ," ಎಂದಳು ನನ್ನ ಕೂಗು ಕೇಳಿ ಬಂದು ಬಾಗಿಲಲ್ಲಿ ನಿಂತಿದ್ದ ನಮ್ಮವ್ವ. ಅವಳೂ ಆ ಮಂಡಿಗಳನ್ನು ನೋಡಿದ್ದಳು, ಕಣ್ಣಿಂದ ನೀರು ಇಳಿಯುತ್ತಿತ್ತು. "ನಿನ್ ಕೈಗೋಳ ಕಂಡು ಎದ್ರುಕೊಂಡದೆ ಮಗ. ಕೈಯ ಇಂದಕ್ ಕಟ್ಕೊಂಡು ನಿಂತ್ಕೊ. ಆಗ ಈಚಿಗೆ ಬತ್ತದೆ."

ನಾನು ಎದ್ದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒತ್ತಿ ನಿಂತೆ. ಎಷ್ಟೋ ಹೊತ್ತಾದ ಮೇಲೆ ಅವಳು ತೆವಳಿಕೊಂಡು ಹೊರಗೆ ಬಂದಳು, ಕಾಲು ಮಡಚಿ, ಬಿಡಿಸಿ, ಎದ್ದು ನಿಂತಳು. ನನ್ನ ಮುಖವನ್ನು ನೋಡಲಿಲ್ಲ. ಕೈಗಳು ನಿಜವಾಗಿ ಹಿಂದೆಯೇ ಇವೆಯೇ ಎಂದು ನೋಡಿಕೊಂಡು, ನನಗೆ ದೂರವಾಗಿ ಸುತ್ತಿ ಬಳಸಿ ಅಜ್ಜಿಯ ಹತ್ತಿರ ಓಡಿದಳು.